ಮೂರನೇ ದಿನದ ಇಲಿಮರಿ

ಹುಟ್ಟಿ ಮೂರು ದಿನವಾದ ಇಲಿಮರಿ ಕಣ್ಣು ಬಿಟ್ಟಿರುವುದಿಲ್ಲ, ಮೈಮೇಲೆ ಕೂದಲೂ ಇರುವುದಿಲ್ಲ. 1969ರಲ್ಲಿ ಜಪಾನಿನ ನಿಶಿಜುಕಾ ಮತ್ತು ಸಕಾಕುರಾ ಅಂಥ ಮರಿಗಳ ಎದೆಯಿಂದ ಥೈಮಸ್ ಗ್ರಂಥಿಯನ್ನು ತೆಗೆದರು. ರೋಗನಿರೋಧಕ ಟಿ ಕೋಶಗಳು ಪಳಗುವ ಗರಡಿಮನೆ ಅದು. ಅದೇ ಹೋದಮೇಲೆ ನಿರೋಧಕ ಶಕ್ತಿ ಸೊರಗಬೇಕಿತ್ತು. ಆದದ್ದು ಬೇರೆಯೇ: ಹೆಣ್ಣುಮರಿಗಳ ಅಂಡಾಶಯಗಳು ನಾಶವಾದವು. ಏಳನೇ ದಿನ ತೆಗೆದರೆ ಮಾತ್ರ ಏನೂ ಆಗುತ್ತಿರಲಿಲ್ಲ.

ಮೂರಕ್ಕೂ ಏಳಕ್ಕೂ ನಡುವೆ ಗರಡಿಯಿಂದ ಹೊರಬೀಳುತ್ತಿದ್ದುದು ಏನು?

ಈ ಪ್ರಶ್ನೆಯ ಬೆನ್ನು ಬಿದ್ದವರು ಶಿಮೋನ್ ಸಕಾಗುಚಿ. ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಆ ಮರಿಗಳಿಗೆ ಕೊಟ್ಟರೆ ಕಾಯಿಲೆ ಬರುತ್ತಿರಲಿಲ್ಲ. ಅಂದರೆ, ಸ್ವಂತ ದೇಹದ ಮೇಲೇ ಎರಗುವ ಕೋಶಗಳಿಗೆ ಕಡಿವಾಣ ಹಾಕುವ ಬೇರೊಂದು ಬಗೆಯ ಕೋಶಗಳಿವೆ. ಅಂಥ ಕೋಶವೇ ಇಲ್ಲವೆಂದು ಹೆಚ್ಚಿನ ವಿಜ್ಞಾನಿಗಳು ಕೈತೊಳೆದುಕೊಂಡಿದ್ದ ಕಾಲವದು. ಸಕಾಗುಚಿ ಮಾತ್ರ ಬಿಡಲಿಲ್ಲ. 1995ರಲ್ಲಿ ಸಿಡಿ25 ಎಂಬ ಗುರುತಿನಿಂದ ಅವನ್ನು ಪತ್ತೆ ಹಚ್ಚಿದರು. ಅವೇ ನಿಯಂತ್ರಕ ಟಿ ಕೋಶಗಳು, ಚುಟುಕಾಗಿ ಟಿ-ರೆಗ್.

ಅತ್ತ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮೈಯೆಲ್ಲ ಹೊಪ್ಪಳೆ ಏಳುವ, ಕೆಲವೇ ವಾರ ಬದುಕುವ 'ಸ್ಕರ್ಫಿ' ಇಲಿಗಳ ದೋಷವನ್ನು ಹುಡುಕುತ್ತಿದ್ದರು. ಶಂಕಿತ ಜೀನ್‌ಗಳು 20. ಒಂದೊಂದಾಗಿ ಜಾಲಾಡಿದರು, ತಪ್ಪು ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ. (ಅಡುಗೆಮನೆಯಲ್ಲಿ ಹುಡುಕಿದ್ದು ಕೊನೆಯ ಡಬ್ಬಿಯಲ್ಲೇ ಸಿಗುವ ಹಾಗೆ!) 2001ರಲ್ಲಿ ಪ್ರಕಟವಾದ ಆ ಜೀನ್ ಫಾಕ್ಸ್‌ಪಿ3. ಟಿ-ರೆಗ್ ರೂಪುಗೊಳ್ಳುವುದೇ ಅದರ ಅಪ್ಪಣೆಯಿಂದ ಎಂಬುದು ಎರಡು ವರ್ಷಗಳಲ್ಲಿ ಖಚಿತವಾಯಿತು. ಮೂವರಿಗೂ 2025ರ ನೊಬೆಲ್ ಬಂತು. ಸುದ್ದಿ ಹೊರಬಿದ್ದಾಗ ರಾಮ್ಸ್‌ಡೆಲ್ ಫೋನೂ ಸಿಗದ ಬೆಟ್ಟಗುಡ್ಡಗಳಲ್ಲಿ ಅಲೆಯುತ್ತಿದ್ದರು.

ನಿರೋಧಕ ಕೋಶಗಳು ಸ್ವಂತ ದೇಹದ ಮೇಲೇ ಎರಗುವ ಕಾಯಿಲೆಗಳಿಗೆ ಸ್ಟೀರಾಯ್ಡ್ ಕೊಟ್ಟರೆ ನಿರೋಧಕ ವ್ಯವಸ್ಥೆ ಇಡಿಯಾಗಿ ಕುಗ್ಗುತ್ತದೆ. ಸೋಂಕಿಗೆ ಬಾಗಿಲು ತೆರೆದಂತೆ. ಅದರ ಬದಲು ಟಿ-ರೆಗ್‌ಗಳನ್ನೇ ಹೆಚ್ಚಿಸಿದರೆ? ಇಂಟರ್‌ಲ್ಯೂಕಿನ್-2 ಇವುಗಳ ಮೇವು. ಸಿಡಿ25 ಅದನ್ನು ಹಿಡಿಯುವ ಕೊಕ್ಕೆಯ ಭಾಗವಾದ್ದರಿಂದ, ತುಸುವೇ ಕೊಟ್ಟರೆ ಮೊದಲ ತುತ್ತು ಇವಕ್ಕೇ. ಇನ್ನೊಂದು ದಾರಿ, ರೋಗಿಯದೇ ರಕ್ತದಿಂದ ಟಿ-ರೆಗ್ ಬೇರ್ಪಡಿಸಿ, ಲ್ಯಾಬಿನಲ್ಲಿ ಬೆಳೆಸಿ, ಮರಳಿ ಹರಿಸುವುದು. ಇಂಥ ದಾಳಿಯಿಂದಲೇ ಬರುವ ಟೈಪ್ 1 ಸಕ್ಕರೆ ಕಾಯಿಲೆಯ 14 ಮಂದಿಯ ಮೇಲೆ ಜೆಫ್ರಿ ಬ್ಲೂಸ್ಟೋನ್ ತಂಡ ಇದನ್ನು ನಡೆಸಿ 2015ರಲ್ಲಿ ವರದಿ ಮಾಡಿತು. ಕೆಲವರಲ್ಲಿ ಆ ಕೋಶಗಳ ಕಾಲು ಭಾಗದಷ್ಟು ವರ್ಷದ ನಂತರವೂ ಉಳಿದಿದ್ದವು. ಆದರೆ ಅದು ಸುರಕ್ಷತೆಯ ಪರೀಕ್ಷೆ, ವಾಸಿಮಾಡಿದ ಕಥೆಯಲ್ಲ.

ತೊಡಕುಗಳೂ ಉಂಟು. ಉರಿಯೂತದ ನಡುವೆ ಕೆಲವು ಟಿ-ರೆಗ್ ಗುಣ ಬದಲಿಸಿ ತಾವೇ ದಾಳಿಗಿಳಿಯುತ್ತವೆ. ಕ್ಯಾನ್ಸರ್ ಗಡ್ಡೆಗಳಂತೂ ಇವನ್ನೇ ಸುತ್ತ ನಿಲ್ಲಿಸಿಕೊಂಡು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ನೊಬೆಲ್ ಸುದ್ದಿ ಓದಿ ಯಾರೂ ಇನ್ಸುಲಿನ್ ನಿಲ್ಲಿಸಬೇಡಿ.