ಎಡಬಿಡಂಗಿ ಹುಡುಗ, ತಬ್ಬಿಬ್ಬಾದ ಕಂಪ್ಯೂಟರ್

ಶಾಲಾ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತ ಗುಂಗುರುಗೂದಲ ಹುಡುಗ ಪುಟ್ಟ ಗೊಂಬೆಗೆ ದಾರ ಕಟ್ಟಿ ಕಿಟಕಿಯಾಚೆ ಎಸೆಯುತ್ತಾನೆ. ಬಸ್ಸು ಓಡುತ್ತದೆ, ಗೊಂಬೆ ರಸ್ತೆಯ ಮೇಲೆ ಪುಟಿಯುತ್ತಾ ಬೆನ್ನಟ್ಟುತ್ತದೆ. ಯಾಕೆ? ಅವನು ಹೇಳುವುದಿಲ್ಲ.

2004ರ 'ನೆಪೋಲಿಯನ್ ಡೈನಮೈಟ್' ಚಿತ್ರದ ನಾಯಕ ಈತ. ಅಮೆರಿಕದ ಸ್ವತಂತ್ರ ಸಿನಿಮಾಗಳ ಬಗ್ಗೆ ಬರೆಯುವವರು ಮತ್ತೆ ಮತ್ತೆ ಬಳಸುವ 'ಕ್ವರ್ಕಿ' ಎಂಬ ಪದಕ್ಕೆ ಇವನಿಗಿಂತ ಒಳ್ಳೆಯ ಅರ್ಥ ಬೇಕಿಲ್ಲ. ನಾವು ಸಲುಗೆಯಿಂದ 'ತಿಕ್ಕಲು' ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ನಿರ್ದೇಶಕ ಜೆರೆಡ್ ಹೆಸ್ ಪತ್ನಿ ಜೆರೂಷಾ ಜೊತೆ ಕಥೆ ಬರೆದು, ತಾನು ಬೆಳೆದ ಐಡಾಹೊ ರಾಜ್ಯದ ಪ್ರೆಸ್ಟನ್‌ನಲ್ಲೇ ಚಿತ್ರೀಕರಿಸಿದರು. ಖರ್ಚು ಸುಮಾರು 4 ಲಕ್ಷ ಡಾಲರ್. ಗಳಿಕೆ 4 ಕೋಟಿ ಡಾಲರ್‌ಗೂ ಮಿಗಿಲು. ಕಥೆಯೆಂದು ಹೇಳಿಕೊಳ್ಳುವಂಥದ್ದೇನಿಲ್ಲ. ನಾಯಕ ಕರಿದ ಆಲೂಗಡ್ಡೆ ತುಣುಕುಗಳನ್ನು ಪ್ಯಾಂಟಿನ ಜೇಬಿಗೆ ತುಂಬಿಕೊಂಡು ಕ್ಲಾಸಿನಲ್ಲಿ ಮೆಲ್ಲುತ್ತಾನೆ. ಮೂವತ್ತು ದಾಟಿದ ಅಣ್ಣ ದಿನವಿಡೀ ಇಂಟರ್ನೆಟ್‌ನಲ್ಲಿ ಹುಡುಗಿಯೊಬ್ಬಳ ಜೊತೆ ಹರಟುತ್ತಾನೆ. ಚಿಕ್ಕಪ್ಪನಿಗೆ ಕಾಲ 1982ರಲ್ಲೇ ನಿಂತಿದೆ: ಕೋಚ್ ಅಂದು ತನ್ನನ್ನು ಆಟಕ್ಕಿಳಿಸಿದ್ದರೆ ತಂಡ ಗೆದ್ದೇ ಬಿಡುತ್ತಿತ್ತು ಎಂಬ ಕೊರಗು.

ಕ್ಯಾಮೆರಾ ಪಾತ್ರಗಳ ಎದುರು ನೆಟ್ಟಗೆ ನಿಲ್ಲುತ್ತದೆ. ಮಾತು ಮುಗಿದ ಮೇಲೂ ಕದಲುವುದಿಲ್ಲ. ಆ ಮೌನದಲ್ಲಿ ಕೆಲವರಿಗೆ ನಗೆ ಉಕ್ಕುತ್ತದೆ, ಕೆಲವರಿಗೆ ಆಕಳಿಕೆ ಬರುತ್ತದೆ. ಖ್ಯಾತ ವಿಮರ್ಶಕ ರೋಜರ್ ಎಬರ್ಟ್ ಕೊಟ್ಟಿದ್ದು ಒಂದೂವರೆ ನಕ್ಷತ್ರ.

ಈ ಜಗಳ ಗಣಿತಜ್ಞರ ಮನೆಗೂ ಹೋಯಿತು. ಆಗ ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್, ಗ್ರಾಹಕರ ಅಭಿರುಚಿ ಊಹಿಸುವ ತನ್ನ ತಂತ್ರಾಂಶವನ್ನು ಶೇ 10ರಷ್ಟು ಸುಧಾರಿಸಿದವರಿಗೆ 10 ಲಕ್ಷ ಡಾಲರ್ ಕೊಡುವುದಾಗಿ 2006ರಲ್ಲಿ ಸಾರಿತು. ಬಹುಮಾನ ಸಂದಾಯವಾಗಿದ್ದು 2009ರಲ್ಲಿ. ನಡುವೆ ಸ್ಪರ್ಧಿಗಳ ಲೆಕ್ಕ ಎಡವುತ್ತಿದ್ದುದು ಇಂಥ ಚಿತ್ರಗಳಲ್ಲೇ. ಒಂದೇ ಬಗೆಯ ಅಭಿರುಚಿಯ ಇಬ್ಬರಲ್ಲಿ ಒಬ್ಬ ಐದು ನಕ್ಷತ್ರ ಕೊಟ್ಟರೆ ಇನ್ನೊಬ್ಬ ಒಂದು ಕೊಡುತ್ತಿದ್ದ. ಅದಕ್ಕೆ 'ನೆಪೋಲಿಯನ್ ಡೈನಮೈಟ್ ಸಮಸ್ಯೆ' ಎಂದೇ ಹೆಸರು ಬಿತ್ತು.

ಗೆದ್ದ ಕುದುರೆಯ ಬಾಲ ಹಿಡಿಯುವವರು ಎಲ್ಲೆಡೆ ಇದ್ದಾರೆ. ಹಳದಿ ವ್ಯಾನಿನ 'ಲಿಟಲ್ ಮಿಸ್ ಸನ್‌ಶೈನ್' (2006), ಬರ್ಗರ್ ಆಕಾರದ ಫೋನಿನ 'ಜೂನೊ' (2007) ಚಿತ್ರಕಥೆಗೆ ಆಸ್ಕರ್ ಗೆದ್ದ ಮೇಲಂತೂ ವಿಚಿತ್ರ ವಸ್ತು, ಹಳೇ ಫ್ಯಾಷನ್ನಿನ ಬಟ್ಟೆ, ನಗದ ಮುಖಗಳು ಸಿದ್ಧ ಮಸಾಲೆಯಾದವು. ಆದರೆ ಆ ಹಳದಿ ವ್ಯಾನನ್ನೇ ನೋಡಿ: ಕ್ಲಚ್ ಕೆಟ್ಟಿರುವುದರಿಂದ, ಸದಾ ಕಿತ್ತಾಡುವ ಮನೆಮಂದಿಯೆಲ್ಲ ಒಟ್ಟಾಗಿ ತಳ್ಳಿ ಓಡಿ ಹತ್ತಬೇಕು. ತಮಾಷೆಯೂ ಅದೇ, ಕಥೆಯೂ ಅದೇ. ಅನುಕರಿಸಿದವರು ವ್ಯಾನಿನ ಬಣ್ಣ ತಂದರು, ಕೆಟ್ಟ ಕ್ಲಚ್ ತರಲಿಲ್ಲ.

ಹೆಸ್ ತೋರಿಸಿದ ತಿಕ್ಕಲರು ಮಾತ್ರ ಅವರ ಊರಿನವರೇ. ಊರೂ ಮುನಿಸಿಕೊಳ್ಳಲಿಲ್ಲ. 2005ರಲ್ಲಿ ಐಡಾಹೊ ಶಾಸನಸಭೆ ಚಿತ್ರವನ್ನು ಅಭಿನಂದಿಸಿ, ರಾಜ್ಯದ ಆಲೂಗಡ್ಡೆಗೆ ಸಿಕ್ಕ ಪ್ರಚಾರವನ್ನೂ ಮೆಚ್ಚಿ ನಿರ್ಣಯ ಮಂಡಿಸಿತು. ವಿರುದ್ಧ ಮತ ಹಾಕುವವರು ಶುದ್ಧ ಮೂರ್ಖರು ಎಂದು ನಾಯಕನದೇ ಧಾಟಿಯಲ್ಲಿ ಅದರಲ್ಲಿ ಬರೆದಿತ್ತು. ನಿರ್ಣಯ ಅಂಗೀಕಾರವಾಯಿತು.