ಕೊಳಕುಮಂಡಲದ ವಿಷಕ್ಕೆ ಕ್ವಾಂಟಮ್ ಲೆಕ್ಕ

ಹಿಪ್ಪರಗಿ ಬ್ಯಾರೇಜಿನ ಸುತ್ತ ಕೃಷ್ಣೆಯ ನೀರು ಹಾಯ್ದಲ್ಲೆಲ್ಲ ಕಬ್ಬು. ಕಬ್ಬಿದ್ದಲ್ಲಿ ಇಲಿ, ಇಲಿಯ ಬೆನ್ನಿಗೆ ಹಾವು. ರವದಿಯ (ಕಬ್ಬಿನ ಒಣಗರಿಯ) ಬಣ್ಣಕ್ಕೆ ಬೆರೆತು ಮಲಗಿದ ಕೊಳಕುಮಂಡಲ ಕಬ್ಬು ಕಡಿಯುವವರ ಕಣ್ಣಿಗೆ ಬೀಳುವುದೇ ಕಷ್ಟ. ಕಚ್ಚಿದರೆ ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗಬೇಕು. ಪ್ರತಿವಿಷವನ್ನು ರಕ್ತನಾಳಕ್ಕೇ ಕೊಡಬೇಕು. ಹೊಲದಿಂದ ಆಸ್ಪತ್ರೆಯವರೆಗಿನ ಆ ಹೊತ್ತಿಗೊಂದು ಗುಳಿಗೆ ಸಿಕ್ಕರೆ ಎಷ್ಟೋ ಜೀವ ಉಳಿದಾವು.

ಆದರೆ ವಿಷವೆಂಬುದು ಹಲವು ಪ್ರೋಟೀನುಗಳ ಮಿಶ್ರಣ. ಮಂಡಲದ ವಿಷದಲ್ಲಿ ಫಾಸ್ಫೊಲಿಪೇಸ್ ಎ2 ಜೀವಕೋಶದ ಪೊರೆ ಒಡೆಯುತ್ತದೆ. ಮೆಟಲೊಪ್ರೋಟೀಸ್ ರಕ್ತನಾಳದ ಗೋಡೆ ಕೆಡಿಸುತ್ತದೆ, ರಕ್ತ ಹೆಪ್ಪುಗಟ್ಟುವ ಕ್ರಮವನ್ನೂ ತಪ್ಪಿಸುತ್ತದೆ. ಮೊದಲನೆಯದನ್ನು ತಡೆಯಲು ವಾರೆಸ್ಪ್ಲಾಡಿಬ್ ಎಂಬ ಅಣು ಇದೆ, ಎರಡನೆಯದಕ್ಕೆ ಮಾರಿಮಾಸ್ಟಾಟ್. ಎರಡನ್ನೂ ತಡೆಯುವ ಒಂದೇ ಅಣು ಹುಡುಕುವುದು ಕಷ್ಟ: ಒಂದರ ಕ್ರಿಯಾಸ್ಥಾನದಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಸತು. ಅಲ್ಲಿ ಕೂರುವ ಆಕಾರ ಇಲ್ಲಿ ಕೂರದು.

ಅಣುವಿನಲ್ಲಿ ಆರು ಜಾಗ, ಪ್ರತಿ ಜಾಗಕ್ಕೂ 20 ತುಣುಕುಗಳಲ್ಲಿ ಒಂದು ಎಂದಿಟ್ಟುಕೊಳ್ಳಿ. ಆಗಲೇ 6.4 ಕೋಟಿ ಅಣುಗಳು! ಇವುಗಳಲ್ಲಿ ಒಳ್ಳೆಯದನ್ನು ಹುಡುಕುವ ಲೆಕ್ಕವನ್ನು ಕ್ವಾಂಟಮ್ ಯಂತ್ರಕ್ಕೆ ಒಪ್ಪಿಸಬಹುದು. ಆ ಯಂತ್ರದ ಲೆಕ್ಕದ ಘಟಕವೇ ಕ್ಯೂಬಿಟ್. ಪ್ರತಿ ಜಾಗದ ಪ್ರತಿ ತುಣುಕಿಗೊಂದು ಕ್ಯೂಬಿಟ್: 1 ಎಂದರೆ ಅದು ಇದೆ, 0 ಎಂದರೆ ಇಲ್ಲ. ಪ್ರತಿ ಅಣುವಿಗೂ ಒಂದು ಅಂಕ, ಅದು ಕಡಿಮೆಯಾದಷ್ಟೂ ಒಳ್ಳೆಯದು. ಅಣು ಮೊದಲ ಪ್ರೋಟೀನಿಗೆ ಅಂಟಿದರೆ ಅಂಕ ಇಳಿಯುತ್ತದೆ, ಎರಡನೆಯದಕ್ಕೂ ಅಂಟಿದರೆ ಇನ್ನಷ್ಟು. ನಮ್ಮ ದೇಹದ್ದೇ ಆದ ಮೆಟಲೊಪ್ರೋಟೀಸುಗಳಿಗೆ ಅಂಟಿದರೆ ದಂಡ, ಅಂಕ ಏರುತ್ತದೆ. ಕ್ಯಾನ್ಸರಿಗೆಂದು ತಯಾರಾದ ಮಾರಿಮಾಸ್ಟಾಟ್ ಕೀಲುನೋವು ತಂದದ್ದನ್ನು ನೆನೆದರೆ ಈ ದಂಡ ಬೇಕೇಬೇಕು. ಅಂಕವನ್ನು ಯಂತ್ರದ ಶಕ್ತಿಯಾಗಿ ಬರೆದರೆ, ಅತಿ ಕಡಿಮೆ ಶಕ್ತಿಯ ಸ್ಥಿತಿಯೇ ಉತ್ತರ. ಯಂತ್ರ ಎಲ್ಲ ಅಣುಗಳನ್ನೂ ಒಟ್ಟಿಗೆ ಪರೀಕ್ಷಿಸಿ ಮುಗಿಸುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕ್ಯೂಬಿಟ್‌ಗಳು 0 ಮತ್ತು 1ರ ಬೆರಕೆಯಲ್ಲಿರುತ್ತವೆ. ಅಳತೆ ಮಾಡಿದಾಗ ಒಳ್ಳೆಯ ಜೋಡಣೆಗಳೇ ಹೆಚ್ಚು ಸಲ ಸಿಗುವಂತೆ ಆ ಬೆರಕೆಯನ್ನು ತಿದ್ದುತ್ತ ಹೋಗುವುದೇ ಇಲ್ಲಿನ ಜಾಣತನ.

ಈ ಲೆಕ್ಕಕ್ಕೆ 120 ಕ್ಯೂಬಿಟ್ ಬೇಕು. ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ‘ಇಂಡಸ್’ ಯಂತ್ರದಲ್ಲಿರುವುದು 25. ಅದರಲ್ಲಿ ಐದು ಜಾಗ, ಐದೈದು ತುಣುಕು ಹಿಡಿಸಬಹುದು. ಆ 3,125 ಅಣುಗಳನ್ನು ಸಾಮಾನ್ಯ ಲ್ಯಾಪ್‌ಟಾಪೇ ಕ್ಷಣದಲ್ಲಿ ಎಣಿಸುತ್ತದೆ. ಹಾಗಾಗಿ ಇಂದು ಕ್ವಾಂಟಮ್ ಯಂತ್ರ ಕಲಿಕೆಯ ಹಂತದಲ್ಲಿದೆ ಎನ್ನುವುದೇ ನ್ಯಾಯ.

ಯಂತ್ರ ಆರಿಸಿಕೊಟ್ಟ ಅಣುವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ನಿಜವಾದ ವಿಷದ ಮೇಲೆ ಪರೀಕ್ಷಿಸಬೇಕು. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಹಾಗಾಗಿ ಆ ಪರೀಕ್ಷೆಗೆ ಕೃಷ್ಣಾ ತೀರದ ಮಂಡಲದ ವಿಷವೂ ಬೇಕು.