ಆಟ ತಡವರಿಸಿದರೆ ತಪ್ಪು ಯಾರದು?

ರಾತ್ರಿ ಒಂಬತ್ತು ಗಂಟೆ. ಊಟಕ್ಕೆ ಕರೆದರೂ ಬಾರದ ಮಗ ಕೋಣೆಯೊಳಗಿಂದ ‘ಅಯ್ಯೋ, ಮತ್ತೆ ಲ್ಯಾಗ್!’ ಎಂದು ಕೂಗುತ್ತಾನೆ. ಗುರಿಯಿಟ್ಟು ಗುಂಡು ಹಾರಿಸಿದ್ದಾನೆ, ಅಷ್ಟರಲ್ಲಿ ಎದುರಾಳಿ ಜಾಗ ಬಿಟ್ಟಾಗಿದೆ. ‘40 ಎಂಬಿಪಿಎಸ್ ಸಾಲದು, 100ರದ್ದು ಹಾಕಿಸಿ’ ಎಂದು ಮಗ. ‘ಆಟಕ್ಕೂ ಅಷ್ಟು ದುಡ್ಡೇ?’ ಎಂದು ಅಪ್ಪ. ಕೊನೆಗೆ ಹಣ ಕಟ್ಟಿದ್ದಾಯಿತು, ಲ್ಯಾಗ್ ಮಾತ್ರ ಹೋಗಲಿಲ್ಲ. ಇಂಥ ಮನೆಗಳು ಈಗ ಅಪರೂಪವಲ್ಲ.

ಎಂಬಿಪಿಎಸ್ ಎಂಬುದು ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯಬಲ್ಲದು ಎಂಬ ಲೆಕ್ಕ. ನೀರಿನ ಪೈಪಿನ ಅಗಲವಿದ್ದಂತೆ. ಆಟಕ್ಕೆ ಬೇಕಾದ ಮಾಹಿತಿ ಬಹಳ ಕಡಿಮೆ, ಸಿನಿಮಾ ನೋಡಲು ಬೇಕಾಗುವುದರ ಒಂದು ಸಣ್ಣ ಪಾಲು ಅಷ್ಟೇ. ಆಟಕ್ಕೆ ಮುಖ್ಯವಾದದ್ದು ಸಂದೇಶವೊಂದು ಸರ್ವರನ್ನು ಮುಟ್ಟಿ ಮರಳಲು ಹಿಡಿಯುವ ಸಮಯ. ಅದನ್ನು ಅಳೆಯುವ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಂ ಬರೆದವರು ಅಮೆರಿಕದ ಮೈಕ್ ಮ್ಯೂಸ್, 1983ರಲ್ಲಿ. ಜಲಾಂತರ್ಗಾಮಿಗಳ ಸೋನಾರ್ ಸದ್ದೇ ಆ ಹೆಸರಿಗೆ ಮೂಲ.

ಈ ಸಮಯಕ್ಕೆ ನಿಸರ್ಗವೇ ಹಾಕಿದ ಮಿತಿಯೊಂದಿದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಸಿಂಗಪುರ ನೇರ ದಾರಿಯಲ್ಲಿ ಸುಮಾರು 3,200 ಕಿ.ಮೀ.; ಹೋಗಿ ಬರಲು 32 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ ಇನ್ನೂ ಹೆಚ್ಚು. ಮುಂಬೈಯ ಸರ್ವರಾದರೆ ಈ ಮಿತಿ 9 ಮಿಲಿಸೆಕೆಂಡಿನ ಆಸುಪಾಸು. ಆದ್ದರಿಂದ ಆಟದಲ್ಲಿ ಸರ್ವರ್ ಆರಿಸುವ ಅವಕಾಶವಿದ್ದರೆ ಹತ್ತಿರದ್ದನ್ನೇ ಆರಿಸಬೇಕು.

ಇನ್ನು ಮನೆಯೊಳಗಿನ ಪರೀಕ್ಷೆ. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ರೂಟರಿನ ವಿಳಾಸ ಬರೆಯಿರಿ. ಅನೇಕ ಮನೆಗಳಲ್ಲಿ ಅದು 192.168.1.1, ರೂಟರಿನ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಉತ್ತರ 2, 3 ಮಿಲಿಸೆಕೆಂಡ್ ಬರುತ್ತಿದ್ದರೆ ಕ್ಷೇಮ. ಒಮ್ಮೆ 3, ಒಮ್ಮೆ 90, ಒಮ್ಮೆ 200 ಎಂದು ಜಿಗಿಯುತ್ತಿದ್ದರೆ? ಸಂದೇಶ ಇನ್ನೂ ಮನೆಯ ಹೊಸ್ತಿಲನ್ನೇ ದಾಟಿಲ್ಲ! ದೋಷ ವೈಫೈಯದು, ಎಷ್ಟು ದೊಡ್ಡ ಪ್ಲಾನ್ ಹಾಕಿಸಿದರೂ ಅದು ಹೋಗದು. ಉಕ್ಕಿನ ಬೀರುವಿನ ಹಿಂದೆ ರೂಟರ್ ಇಟ್ಟಿರಬಹುದು. 2.4 ಗಿಗಾಹರ್ಟ್ಸ್ ತರಂಗದಲ್ಲಿ ನೆರೆಮನೆಯ ವೈಫೈ, ಅಡುಗೆಮನೆಯ ಮೈಕ್ರೋವೇವ್ ಒಲೆ ಎಲ್ಲವೂ ಗದ್ದಲ ಮಾಡುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಕಡಿಮೆ, ಆದರೆ ಅದು ಗೋಡೆಗಳನ್ನು ಅಷ್ಟು ಚೆನ್ನಾಗಿ ದಾಟದು. ಎಲ್ಲಕ್ಕಿಂತ ಖಚಿತ ಉಪಾಯ ಒಂದು ಲ್ಯಾನ್ ಕೇಬಲ್ ಎಳೆಯುವುದು.

ರೂಟರ್ ಸರಿಯಿದ್ದರೆ ಮುಂದಿನ ವಿಳಾಸ 8.8.8.8, ಅಂದರೆ ಗೂಗಲ್ ಸಂಸ್ಥೆಯ ಸಾರ್ವಜನಿಕ ಸರ್ವರ್. ಅದು ರಾತ್ರಿ ಮಾತ್ರ ಏರುತ್ತದೆಯೇ? ಆಗ ಮನೆಯ ಉಳಿದ ಫೋನುಗಳತ್ತ ನೋಡಬೇಕು. ಅಕ್ಕನ ಫೋನಿನಿಂದ ಮದುವೆಯ ಫೋಟೊ, ವಿಡಿಯೊಗಳೆಲ್ಲ ಮೇಲೇರುತ್ತಿದ್ದರೆ ಮೋಡೆಮ್ ಅವನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ರೇಷನ್ ಅಂಗಡಿಯಲ್ಲಿ ಮೂಟೆ ಅಕ್ಕಿ ಒಯ್ಯುವವರ ಹಿಂದೆ ಬೆಂಕಿಪೊಟ್ಟಣಕ್ಕೆ ಬಂದವನು ನಿಂತಂತೆ, ಆಟದ ಸಂದೇಶ ಕಾಯುತ್ತದೆ. ಸಾಲಿನಲ್ಲಿ 1 ಮೆಗಾಬೈಟ್, ಅಂದರೆ 8 ಮೆಗಾಬಿಟ್ ಇದೆಯೆನ್ನಿ. 40 ಎಂಬಿಪಿಎಸ್ ಸಂಪರ್ಕದಲ್ಲಿ ಅದು ಕರಗಲು 200 ಮಿಲಿಸೆಕೆಂಡ್. 100ರ ಸಂಪರ್ಕದಲ್ಲೂ 80! ಜಿಮ್ ಗೆಟಿಸ್ ಎಂಬ ತಜ್ಞರು 2010ರ ಸುಮಾರಿಗೆ ತಮ್ಮ ಮನೆಯಲ್ಲೇ ಇದನ್ನು ಕಂಡು ‘ಬಫರ್‌ಬ್ಲೋಟ್’ ಎಂದು ಕರೆದರು. ಸಣ್ಣ ಸಂದೇಶಗಳಿಗೆ ದಾರಿ ಬಿಡುವ ಸೌಲಭ್ಯ ಕೆಲವು ರೂಟರುಗಳಲ್ಲಿದೆ. ಇಲ್ಲದಿದ್ದರೆ ಫೋಟೊ ಏರಿಸುವ ಕೆಲಸವನ್ನು ಎಲ್ಲರೂ ಮಲಗಿದ ಮೇಲೆ ಇಟ್ಟುಕೊಂಡರಾಯಿತು. ಅಕ್ಕನ ಆನ್‌ಲೈನ್ ತರಗತಿ ಮುಗ್ಗರಿಸುವುದೂ ಹಲವೊಮ್ಮೆ ಇದೇ ಕಾರಣಕ್ಕೆ, ತಮ್ಮನ ಆಟದಿಂದಲ್ಲ.

ಕೇಬಲ್ ಹಾಕಿ, ಉಳಿದ ಫೋನುಗಳನ್ನೆಲ್ಲ ಆರಿಸಿದ ಮೇಲೂ ಅಂಕಿ ಏರುತ್ತಿದ್ದರೆ ಸಂಪರ್ಕ ಕೊಟ್ಟವರಿಗೆ ದೂರು ಕೊಡಬೇಕು. ‘ನೆಟ್ ಸರಿಯಿಲ್ಲ’ ಎಂದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಉತ್ತರವೇ ಬಂದೀತು. ಮೂರು ದಿನ ಬೆಳಿಗ್ಗೆ, ಸಂಜೆ, ರಾತ್ರಿ ಎರಡೂ ವಿಳಾಸಗಳ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ, ಆ ಹಾಳೆಯ ಫೋಟೊವನ್ನು ದೂರಿನ ಜೊತೆ ಕಳಿಸಬೇಕು.